ನಗರನಡಿಗೆಯ ವಿಮರ್ಶೆ: ಮುಂಬಯಿಯ ಪೇಟೆಗಳೂ ಸಾರಿಗೆಯ ಚರಿತ್ರೆಯೂ

೧

ಗ್ರಂಥವನ್ನು ಓದುವುದಕ್ಕೆ ಒಂದು ಕ್ರಮವಿರುವಂತೆ ನಗರವನ್ನು ಓದುವುದಕ್ಕೂ ಒಂದು ಕ್ರಮವುಂಟು. ಕಳೆದ ಕಾಲು ಶತಮಾನದಲ್ಲಿ ನಮ್ಮ ದೊಡ್ಡ ನಗರಗಳಲ್ಲಿ ‘ಪಾರಂಪರಿಕ ನಡಿಗೆ’ ಎಂಬ ಹೆಸರಿನ ಒಂದು ಪದ್ಧತಿ ಬೆಳೆದುಬಂದಿದೆ. ರಜಾದಿನದ ಬೆಳಗ್ಗೆ ಹತ್ತಿಪ್ಪತ್ತು ಮಂದಿ ಆಸಕ್ತರು ಗೊತ್ತಾದ ಒಂದು ಸ್ಥಳದಲ್ಲಿ ಕೂಡುತ್ತಾರೆ. ವಿಷಯ ಬಲ್ಲವರೊಬ್ಬರು ಮುಂದೆ ನಡೆಯುತ್ತಾರೆ. ಕಟ್ಟಡ, ಬೀದಿ, ಪ್ರತಿಮೆ, ದೇಗುಲಗಳ ಎದುರು ನಿಂತು ಅವುಗಳ ಕಥೆಯನ್ನು ಹೇಳುತ್ತಾರೆ. ಮುಂಬಯಿಯಲ್ಲಿ ಇಬ್ಬರು ವಾಸ್ತುಶಿಲ್ಪಿಗಳು ೧೯೯೯ರಲ್ಲಿ ಇಂಥ ನಡಿಗೆಗಳನ್ನು ಕ್ರಮಬದ್ಧವಾಗಿ ಆರಂಭಿಸಿದರು. ಇಂದು ಅಲ್ಲಿ ಈ ಕೆಲಸವನ್ನು ನಡಸುವ ಸಂಸ್ಥೆಗಳು ಹಲವು. ಕಾಲೇಜುಗಳ ಇತಿಹಾಸ ವಿಭಾಗ, ಸಾಹಿತ್ಯ ವಿಭಾಗಗಳೂ ತಮ್ಮ ವಿದ್ಯಾರ್ಥಿಗಳನ್ನು ಹೀಗೆ ಕರೆದೊಯ್ಯುವುದುಂಟು.

ಇಂಥ ನಡಿಗೆಯನ್ನು ಕೇವಲ ವಿಹಾರವೆಂದು ಬಗೆಯುವುದು ಸರಿಯಲ್ಲ. ನಡಿಗೆಯ ಮಾರ್ಗವನ್ನು ಗೊತ್ತುಮಾಡುವವನು ಅನೇಕ ಬೀದಿಗಳೊಳಗಿಂದ ಕೆಲವನ್ನು ಆಯುತ್ತಾನೆ; ಆಯ್ದವುಗಳಿಗೆ ಒಂದು ಅನುಕ್ರಮವನ್ನು ಕೊಡುತ್ತಾನೆ; ಒಂದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾನೆ, ಇನ್ನೊಂದನ್ನು ಮಾತಿಲ್ಲದೆ ದಾಟುತ್ತಾನೆ. ಆಯ್ಕೆ, ಅನುಕ್ರಮ, ಒತ್ತು, ಮೌನ ಈ ನಾಲ್ಕೂ ವ್ಯಾಖ್ಯಾನಕಾರನ ಸಾಧನಗಳೇ. ವ್ಯಾಖ್ಯಾನವಿದ್ದ ಕಡೆ ವಿಮರ್ಶೆಗೆ ಅವಕಾಶವಿದೆ. ಅವಕಾಶ ಮಾತ್ರವಲ್ಲ, ವಿದ್ಯಾರ್ಥಿಗಳು ಅದನ್ನು ಪಾಠವೆಂದು ಸ್ವೀಕರಿಸುತ್ತಿರುವಾಗ ವಿಮರ್ಶೆಯ ಅವಶ್ಯಕತೆಯೂ ಇದೆ.

ಪ್ರಕೃತ ಲೇಖನದ ಉದ್ದೇಶ ಮಿತವಾದುದು. ಮುಂಬಯಿಯ ನಡಿಗೆಗಳು ಆ ನಗರದ ಸಾರಿಗೆಯ ಚರಿತ್ರೆಯನ್ನು ಹೇಗೆ ನಿರೂಪಿಸುತ್ತವೆ, ಹೇಗೆ ನಿರೂಪಿಸಬಹುದಾಗಿತ್ತು ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿಯ ಪ್ರಯತ್ನ. ಈ ಪರಿಶೀಲನೆಯಿಂದ ಹೊರಡುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ನಡಿಗೆಗಳು ನಡೆಯುವುದನ್ನು ನೋಡುವುದಕ್ಕೆ ಉಪಾಯವಾಗಿ ಬಳಸುತ್ತವೆ. ಆದರೆ ನಡೆಯುವುದೇ ಆ ನಗರದ ಬಹುಸಂಖ್ಯಾತರ ಸಾರಿಗೆಯಾಗಿದ್ದಿತೆಂಬುದನ್ನು ಮರೆಯುತ್ತವೆ. ಯಾರು ಟಿಕೆಟ್ಟಿನ ಹಣ ತೆತ್ತು ಹೋಗಬಲ್ಲವರಾಗಿದ್ದರು, ಯಾರು ಕಾಲಿನ ಬಲದಿಂದಲೇ ಹೋಗಬೇಕಾಗಿತ್ತು ಎಂಬ ಭೇದದ ಮೇಲೆ ಮುಂಬಯಿಯ ಪೇಟೆಗಳು ರೂಪುಗೊಂಡವು. ಈ ಭೇದವನ್ನು ಕಾಣಿಸದ ನಡಿಗೆ ಎಷ್ಟು ವಿದ್ವತ್ಪೂರ್ಣವಾಗಿದ್ದರೂ ಕಟ್ಟಡಗಳ ಮುಂಭಾಗದ ಪ್ರದರ್ಶನವಾಗಿ ಉಳಿಯುತ್ತದೆ.

೨

ಮುಂಬಯಿಯನ್ನು ದೇಶಭಾಷೆಯೊಂದರಲ್ಲಿ ಸಮಗ್ರವಾಗಿ ವರ್ಣಿಸಿದ ಮೊದಲ ಗ್ರಂಥವೆಂದರೆ ಗೋವಿಂದ ನಾರಾಯಣ ಮಾಡಗಾಂವಕರರ ‘ಮುಂಬಯಿಚೆ ವರ್ಣನ್’. ಮರಾಠಿಯ ಈ ಗ್ರಂಥ ಪ್ರಕಟವಾದುದು ೧೮೬೩ರಲ್ಲಿ. ಅದರ ಕಾಲವನ್ನು ಗಮನಿಸಬೇಕು. ಬೋರಿ ಬಂದರಿನಿಂದ ಠಾಣೆಗೆ ೧೮೫೩ರ ಏಪ್ರಿಲ್ ೧೬ರಂದು ಮೊದಲ ರೈಲು ಓಡಿ ಹತ್ತು ವರ್ಷಗಳಾಗಿದ್ದವು. ಕುದುರೆಯ ಟ್ರಾಮು ಬರುವುದಕ್ಕೆ ಇನ್ನೂ ಹನ್ನೊಂದು ವರ್ಷಗಳಿದ್ದವು. ಕೋಟೆಯ ಗೋಡೆಗಳನ್ನು ಕೆಡಹುವ ಕೆಲಸ ಅದೇ ದಿನಗಳಲ್ಲಿ ನಡೆದಿತ್ತು. ಗೋವೆಯ ಕಡೆಯಿಂದ ಬಾಲ್ಯದಲ್ಲಿಯೇ ಬಂದು ಮುಂಬಯಿಯಲ್ಲಿ ನೆಲಸಿದ ಗ್ರಂಥಕರ್ತರು ಕಂಡ ನಗರ, ಒಬ್ಬ ಮನುಷ್ಯ ತನ್ನ ಕಾಲುಗಳಿಂದ ಅಳೆಯಬಹುದಾಗಿದ್ದ ನಗರ. ಸಂತೆ, ಬಂದರು, ದೇವಾಲಯ, ಕೆರೆ, ಜಾತಿಗಳು, ಕಸುಬುಗಳು ಇವೆಲ್ಲ ಅವರಲ್ಲಿ ಒಟ್ಟಿಗೆ ಬರುತ್ತವೆ. ಕಟ್ಟಡವೊಂದು ಅದರ ಮುಂದೆ ಓಡಾಡುವ ಜನರಿಂದ ಬೇರೆಯಾಗಿ ನಿಲ್ಲುವುದಿಲ್ಲ.

ಆಮೇಲೆ ಇಂಗ್ಲಿಷಿನಲ್ಲಿ ಬಂದ ಮಾರ್ಗದರ್ಶಿ ಪುಸ್ತಕಗಳ ಸ್ವಭಾವ ಬೇರೆ. ಹಡಗಿನಿಂದ ಇಳಿದ ಪ್ರಯಾಣಿಕನಿಗೆ ಎರಡು ಮೂರು ದಿನಗಳಲ್ಲಿ ನೋಡತಕ್ಕದ್ದೇನು ಎಂಬುದು ಅವುಗಳ ಪ್ರಶ್ನೆ. ಈ ಪ್ರಶ್ನೆಯಿಂದ ಹುಟ್ಟಿದ್ದು ‘ಪ್ರೇಕ್ಷಣೀಯ ಸ್ಥಳ’ವೆಂಬ ಕಲ್ಪನೆ. ನಗರ ಆಗ ಬಿಡಿಬಿಡಿ ಚಿತ್ರಗಳ ಸಂಪುಟವಾಗುತ್ತದೆ. ಚಿತ್ರದಿಂದ ಚಿತ್ರಕ್ಕೆ ಹೋಗುವ ದಾರಿ ಬರಿಯ ಅಂತರವಾಗಿ ಬಿಡುತ್ತದೆ. ಇಂದಿನ ಪಾರಂಪರಿಕ ನಡಿಗೆ ತನ್ನ ಶ್ರದ್ಧೆಯಲ್ಲಿ ಗೋವಿಂದ ನಾರಾಯಣರ ವಂಶಕ್ಕೆ ಸೇರಿದುದಾದರೂ, ರಚನೆಯಲ್ಲಿ ಮಾರ್ಗದರ್ಶಿ ಪುಸ್ತಕದ ವಂಶಕ್ಕೆ ಸೇರಿದುದು. ಅದರ ಗುಣದೋಷಗಳೆರಡಕ್ಕೂ ಮೂಲ ಇಲ್ಲಿದೆ.

೩

ನಡಿಗೆಗಳಲ್ಲೆಲ್ಲ ಹೆಚ್ಚು ಜನಪ್ರಿಯವಾದುದು ಕೋಟೆ ಪ್ರದೇಶದ ನಡಿಗೆ. ಫ್ಲೋರಾ ಫೌಂಟನ್ ಎಂದು ಹೆಸರಾದ ಕಾರಂಜಿ, ಹೈಕೋರ್ಟು, ವಿಶ್ವವಿದ್ಯಾನಿಲಯ, ಓವಲ್ ಮೈದಾನ, ಅದರಾಚೆಯ ಆರ್ಟ್ ಡೆಕೊ ಶೈಲಿಯ ಮನೆಗಳು, ಕೊನೆಗೆ ಬೋರಿ ಬಂದರಿನ ರೈಲುನಿಲ್ದಾಣ ಇವು ಅದರ ಮುಖ್ಯ ಘಟ್ಟಗಳು. ಈ ನಡಿಗೆಗಳಿಂದ ಆಗಿರುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. ಬೋರಿ ಬಂದರಿನ ನಿಲ್ದಾಣ ೨೦೦೪ರಲ್ಲಿಯೂ, ಓವಲ್ ಮೈದಾನದ ಎರಡು ಪಾರ್ಶ್ವಗಳ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮೂಹ ೨೦೧೮ರಲ್ಲಿಯೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಮನ್ನಣೆಗೆ ಬೇಕಾದ ಲೋಕಾಭಿಪ್ರಾಯವನ್ನು ಬೆಳೆಸಿದವರಲ್ಲಿ ಬೀದಿಯಲ್ಲಿ ನಿಂತು ಕಥೆ ಹೇಳಿದವರೂ ಸೇರಿದ್ದಾರೆ.

ಆದರೆ ಸಾರಿಗೆಯ ವಿಷಯಕ್ಕೆ ಬಂದಾಗ ಈ ನಡಿಗೆ ಹೇಳುವುದೇನು? ಬೋರಿ ಬಂದರಿನ ನಿಲ್ದಾಣದ ಎದುರು ನಿಂತು ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಹೆಸರು, ೧೮೭೮ರಲ್ಲಿ ಕೆಲಸ ಮೊದಲಾದುದು, ಗುಮ್ಮಟ, ಕಲ್ಲಿನ ಕೆತ್ತನೆ, ಪ್ರಾಣಿಪಕ್ಷಿಗಳ ಆಕೃತಿಗಳು ಇವನ್ನು ವಿವರಿಸುತ್ತಾರೆ. ಮೊದಲ ರೈಲಿನ ಹದಿನಾಲ್ಕು ಗಾಡಿಗಳು, ನಾನೂರು ಅತಿಥಿಗಳು, ಇಪ್ಪತ್ತೊಂದು ಮೈಲಿಗಳ ಪ್ರಯಾಣ ಇವೂ ಬರುತ್ತವೆ. ಇದು ಸಾರಿಗೆಯನ್ನು ‘ಮೊದಲು’ಗಳ ಪಟ್ಟಿಯಾಗಿ ಕಾಣುವ ಕ್ರಮ. ಆ ನಿಲ್ದಾಣದಿಂದ ದಿನವೂ ಹೊರಬಂದ ಗುಮಾಸ್ತ ಯಾವ ಪೇಟೆಯಿಂದ ಬಂದ, ಆ ಪೇಟೆಯನ್ನೇ ಏಕೆ ಆರಿಸಿದ, ನಿಲ್ದಾಣದಿಂದ ಕಚೇರಿಗೆ ಹೇಗೆ ಹೋದ ಎಂಬ ಪ್ರಶ್ನೆಗಳಿಗೆ ಕಲ್ಲಿನ ಕೆತ್ತನೆ ಉತ್ತರ ಕೊಡಲಾರದು.

ಉತ್ತರ ಕೊಡುವ ಸಾಕ್ಷ್ಯಗಳು ಅಲ್ಲಿಯೇ ಇಲ್ಲದೆ ಇಲ್ಲ. ‘ಚರ್ಚ್‌ಗೇಟ್’ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ೧೭೧೮ರಲ್ಲಿ ತೆರೆದ ಸೇಂಟ್ ಥಾಮಸ್ ಚರ್ಚಿಗೆ ಹೋಗುವ ದಾರಿಯಲ್ಲಿದ್ದ ಕೋಟೆಯ ಬಾಗಿಲಿಗೆ ಆ ಹೆಸರಿತ್ತು. ಬಾಗಿಲು ಹೋಗಿ ಒಂದೂವರೆ ಶತಮಾನ ಕಳೆದಿದೆ; ಹೆಸರು ಮಾತ್ರ ರೈಲುನಿಲ್ದಾಣವನ್ನು ಆಶ್ರಯಿಸಿ ಬದುಕಿದೆ. ಆ ರೈಲುಹಳಿಯ ಕಥೆಯೂ ಸ್ವಾರಸ್ಯವಾದುದು. ಪಶ್ಚಿಮದ ಹಳಿ ಒಂದು ಕಾಲದಲ್ಲಿ ಚರ್ಚ್‌ಗೇಟಿನಲ್ಲಿ ನಿಲ್ಲದೆ ದಕ್ಷಿಣಕ್ಕೆ ಕೊಲಾಬದವರೆಗೆ ಹೋಗುತ್ತಿತ್ತು. ಬ್ಯಾಕ್ ಬೇ ಸಮುದ್ರವನ್ನು ತುಂಬಿ ನೆಲ ಮಾಡಿದ ಮೇಲೆ ಆ ತುಂಡು ಹಳಿಯನ್ನು ತೆಗೆದುಬಿಟ್ಟರು. ೧೯೩೦ರ ಡಿಸೆಂಬರಿನ ಕೊನೆಯಲ್ಲಿ ಕೊಲಾಬ ನಿಲ್ದಾಣ ಮುಚ್ಚಿತು. ದೂರದ ಗಾಡಿಗಳಿಗಾಗಿ ಅದೇ ತಿಂಗಳಲ್ಲಿ ಬಾಂಬೆ ಸೆಂಟ್ರಲ್ ತೆರೆಯಿತು. ಮರೀನ್ ಡ್ರೈವಿನ ಸುಂದರವಾದ ಮನೆಗಳ ಸಾಲನ್ನು ಹೊಗಳುವ ನಡಿಗೆ, ಆ ಸಾಲಿನ ಹಿಂದೆ ರೈಲಿನ ಹಳಿ ಹೀಗೆ ಹಿಂದಕ್ಕೆ ಸರಿದ ಕಥೆಯಿದೆಯೆಂದು ಹೇಳಬೇಕಾಗಿತ್ತು. ಸಮುದ್ರದ ಎದುರಿನ ನೆಲಕ್ಕೆ ಬಂದ ಬೆಲೆ ಯಾವ ಸಾರಿಗೆ ಎಲ್ಲಿರಬೇಕೆಂಬುದನ್ನೂ ಗೊತ್ತುಮಾಡುತ್ತದೆಂಬ ತತ್ತ್ವ ಅಲ್ಲಿ ಕಣ್ಣೆದುರಿಗೇ ಇದೆ.

೪

ರೈಲಿಗಿಂತ ಟ್ರಾಮಿನ ಚರಿತ್ರೆ ಪೇಟೆಗಳಿಗೆ ಹೆಚ್ಚು ಹತ್ತಿರವಾದುದು. ಏಕೆಂದರೆ ಟ್ರಾಮು ಬೀದಿಯಲ್ಲಿಯೇ ನಡೆಯುತ್ತದೆ; ಅದಕ್ಕೆ ಬೀದಿಯಿಂದ ಬೇರೆಯಾದ ಲೋಕವಿಲ್ಲ. ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮುಗಳು ೧೮೭೪ರ ಮೇ ೯ರಂದು ಮೊದಲಾದವು. ಒಂದು ಮಾರ್ಗ ಕೊಲಾಬದಿಂದ ಕ್ರಾಫರ್ಡ್ ಮಾರ್ಕೆಟ್ ದಾರಿಯಾಗಿ ಪಾಯಧುಣಿಗೆ, ಇನ್ನೊಂದು ಬೋರಿ ಬಂದರಿನಿಂದ ಕಾಲಬಾದೇವಿಯ ದಾರಿಯಾಗಿ ಅದೇ ಪಾಯಧುಣಿಗೆ. ಸ್ಟರ್ನ್ಸ್ ಮತ್ತು ಕಿಟ್ರೆಜ್ ಎಂಬ ಸಂಸ್ಥೆ ಇದನ್ನು ನಡಸಿತು. ಮೊದಲು ಇಪ್ಪತ್ತು ಗಾಡಿಗಳೂ ೨೦೦ ಕುದುರೆಗಳೂ ಇದ್ದವು. ೧೯೦೫ರಲ್ಲಿ ಕುದುರೆ ಟ್ರಾಮು ನಿಲ್ಲುವ ವೇಳೆಗೆ ಕುದುರೆಗಳ ಸಂಖ್ಯೆ ೧,೩೬೦ಕ್ಕೆ ಏರಿತ್ತು. ವಿದ್ಯುತ್ ಟ್ರಾಮುಗಳು ೧೯೦೭ರ ಮೇ ೭ರಂದು ಬಂದವು. ಎರಡು ಅಂತಸ್ತಿನ ಟ್ರಾಮುಗಳು ೧೯೨೦ರಲ್ಲಿ. ಬಸ್ಸು ೧೯೨೬ರ ಜುಲೈ ೧೫ರಂದು. ಬೋರಿ ಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಹೊರಟುದು ೧೯೬೪ರ ಮಾರ್ಚ್ ೩೧ರ ರಾತ್ರಿ.

ಈ ತಾರೀಖುಗಳನ್ನು ನಡಿಗೆಗಳಲ್ಲಿ ಹೇಳುತ್ತಾರೆ. ಹೇಳದೆ ಬಿಡುವುದು ದರದ ಮಾತನ್ನು. ಕುದುರೆ ಟ್ರಾಮಿನ ದರ ಮೊದಲು ಮೂರು ಆಣೆ ಇತ್ತು. ಜನ ಹೆಚ್ಚಾದಂತೆ ಅದನ್ನು ಎರಡು ಆಣೆಗೆ ಇಳಿಸಿದರು. ಒಂದಾಣೆಯ ಈ ಇಳಿತ ಅಂದಿನ ಸಂಸಾರಗಳ ಮೇಲೆ ಮಾಡಿದ ಪರಿಣಾಮ ಕಡಮೆಯದಲ್ಲ. ದಿನಕ್ಕೆ ಎರಡು ಸಲ ಅಷ್ಟು ಹಣವನ್ನು ತೆರಬಲ್ಲವನು ಅಂಗಡಿಯಿಂದಲೋ ಕಚೇರಿಯಿಂದಲೋ ಒಂದೆರಡು ಮೈಲಿ ಆಚೆ ಮನೆ ಮಾಡಬಹುದು. ತೆರಲಾರದವನು ಅಂಗಡಿಯ ಅಟ್ಟದ ಮೇಲೆಯೇ ಮಲಗಬೇಕು. ಹೀಗೆ ಟಿಕೆಟ್ಟಿನ ದರ ನಗರದ ನೆಲದ ಮೇಲೆ ಒಂದು ಗೆರೆಯನ್ನು ಎಳೆಯುತ್ತದೆ. ಆ ಗೆರೆ ಯಾವ ನಕ್ಷೆಯಲ್ಲಿಯೂ ಇಲ್ಲವಾದರೂ ಮನೆಗಳ ಎತ್ತರದಲ್ಲಿ, ಓಣಿಗಳ ಅಗಲದಲ್ಲಿ ಇಂದಿಗೂ ಓದಲು ಸಿಗುತ್ತದೆ. ಕಾಲಬಾದೇವಿಯ ಬೀದಿಯಲ್ಲಿ ನಡೆಯುವವನು ಕೆಳಗೆ ಅಂಗಡಿ, ಮೇಲೆ ವಸತಿ ಎಂಬ ರಚನೆ ಅಷ್ಟು ಒತ್ತಾಗಿ ಏಕೆ ಬೆಳೆಯಿತೆಂದು ಕೇಳಿಕೊಂಡರೆ, ಸಂತೆಗೆ ಹತ್ತಿರವಿರುವುದು ಹಣ ತೆತ್ತು ದೂರದಿಂದ ಬರುವುದಕ್ಕಿಂತ ಲಾಭಕರವಾಗಿದ್ದಿತೆಂಬ ಉತ್ತರ ಅಲ್ಲಿಯೇ ದೊರೆಯುತ್ತದೆ.

ಹೆಸರುಗಳೂ ಇದಕ್ಕೆ ಸಾಕ್ಷಿ. ‘ಪಾಯಧುಣಿ’ ಎಂದರೆ ಕಾಲು ತೊಳೆಯುವ ಜಾಗ. ದ್ವೀಪಗಳ ನಡುವೆ ನೀರು ನುಗ್ಗುತ್ತಿದ್ದ ಕಾಲದಲ್ಲಿ ಅದನ್ನು ದಾಟಿ ಬಂದವರು ಅಲ್ಲಿ ಕಾಲು ತೊಳೆಯುತ್ತಿದ್ದರೆಂದು ಐತಿಹ್ಯ. ನಡೆದು ಬಂದವರ ನೆನಪನ್ನು ಹೊತ್ತ ಹೆಸರಿನ ಜಾಗವೇ ಟ್ರಾಮಿನ ಮೊದಲ ಕೊನೆಯ ನಿಲ್ದಾಣವಾದುದು ಗಮನಾರ್ಹವಾಗಿದೆ. ಅಂತೆಯೇ ದಾದರಿನ ಪೂರ್ವಭಾಗದ ವೃತ್ತವನ್ನು ಜನ ಇಂದಿಗೂ ‘ದಾದರ್ ಟಿ.ಟಿ.’ ಎನ್ನುತ್ತಾರೆ. ಟ್ರಾಮ್ ಟರ್ಮಿನಸ್ ಎಂಬುದರ ಸಂಕ್ಷೇಪವಿದು. ಟ್ರಾಮು ಹೋಗಿ ಅರುವತ್ತು ವರ್ಷಗಳ ಮೇಲಾಯಿತು. ಟ್ರಾಮನ್ನು ಕಂಡೇ ಇಲ್ಲದ ತರುಣರೂ ಬಸ್ಸಿನಲ್ಲಿ ಆ ಎರಡಕ್ಷರವನ್ನು ಹೇಳಿ ಟಿಕೆಟ್ಟು ಕೇಳುತ್ತಾರೆ. ಫ್ಲೋರಾ ಫೌಂಟನಿನ ಸುತ್ತ ಜೀರ್ಣೋದ್ಧಾರಕ್ಕಾಗಿ ನೆಲವನ್ನು ಅಗೆದಾಗ ಹಳೆಯ ಟ್ರಾಮು ಹಳಿಗಳು ಡಾಮರಿನ ಕೆಳಗಿಂದ ಕಾಣಿಸಿಕೊಂಡವು. ನಗರ ತಾನು ಬಿಟ್ಟುದನ್ನು ಅಳಿಸುವುದಿಲ್ಲ, ಮುಚ್ಚುತ್ತದೆ. ಮುಚ್ಚಿದ್ದನ್ನು ತೆರೆದು ತೋರಿಸುವುದೇ ನಡಿಗೆಯ ನಿಜವಾದ ವಿದ್ವತ್ಕಾರ್ಯ.

೫

ಟ್ರಾಮಿನ ಹಳಿ ಉತ್ತರಕ್ಕೆ ಭಾಯಖಳೆ, ಪರಳಗಳನ್ನು ಮುಟ್ಟಿದಾಗ ಅದು ಪ್ರವೇಶಿಸಿದ್ದು ಗಿರಣಿಗಳ ಪ್ರದೇಶವನ್ನು. ಮುಂಬಯಿಯ ಮೊದಲ ಹತ್ತಿಗಿರಣಿಯ ಸಂಸ್ಥೆ ೧೮೫೪ರಲ್ಲಿ ಸ್ಥಾಪಿತವಾಯಿತು. ಮುಂದೆ ಪರಳ, ಲಾಲಬಾಗ, ವರಳಿ, ಸಿವಡಿಗಳ ಸುತ್ತ ಗಿರಣಿಗಳು ಒತ್ತಾಗಿ ಬೆಳೆದು ಆ ಭಾಗಕ್ಕೆ ‘ಗಿರಣಗಾಂವ್’ ಎಂದು ಹೆಸರಾಯಿತು. ಇಲ್ಲಿಗೆ ಪಾರಂಪರಿಕ ನಡಿಗೆಗಳು ಬರುವುದು ಅಪೂರ್ವ. ಬಂದರೂ ಹೊಗೆಗೊಳವೆಯೊಂದನ್ನು ತೋರಿಸಿ ಮುಂದೆ ಹೋಗುವುದೇ ಹೆಚ್ಚು. ಸಾರಿಗೆಯ ಚರಿತ್ರೆಯಲ್ಲಿ ಈ ಪ್ರದೇಶದ ಸ್ಥಾನ ಅತಿ ಮುಖ್ಯವೆಂಬುದು ಪ್ರಕೃತ ಲೇಖಕನ ಅಭಿಪ್ರಾಯ. ಅದಕ್ಕೆ ಕಾರಣ, ಇಲ್ಲಿಯ ಜನ ಟ್ರಾಮು ರೈಲುಗಳೆರಡರ ಪಕ್ಕದಲ್ಲಿಯೇ ಇದ್ದೂ ಬಹುಮಟ್ಟಿಗೆ ನಡೆದೇ ಹೋದವರು.

ಗಿರಣಿಯ ಕೂಗಿಗೆ ಅಲ್ಲಿ ‘ಭೋಂಗಾ’ ಎನ್ನುತ್ತಾರೆ. ಭೋಂಗಾ ಕೂಗಿದ ಮೇಲೆ ತಡವಾಗಿ ಬಂದ ಕೆಲಸಗಾರನಿಗೆ ಆ ದಿನದ ಕೂಲಿ ತಪ್ಪುವ ಭಯವಿತ್ತು. ಬದಲಿ ಆಳಾಗಿ ನಿಲ್ಲುವವನು ಬೆಳಗ್ಗೆ ಬಾಗಿಲಿನಲ್ಲಿ ಹಾಜರಿರಲೇಬೇಕಾಗಿತ್ತು. ದರವನ್ನು ತೆರುವ ಶಕ್ತಿ ಇಲ್ಲದಿರುವುದು ಒಂದು ಕಡೆ, ಸಮಯದ ಈ ಕಟ್ಟು ಇನ್ನೊಂದು ಕಡೆ. ಆದುದರಿಂದ ಗಿರಣಿಯಿಂದ ನಡೆದು ತಲಪುವಷ್ಟು ದೂರದೊಳಗೆ ಚಾಳುಗಳು ಕಿಕ್ಕಿರಿದು ಬೆಳೆದವು. ಒಂದು ಕೋಣೆಯಲ್ಲಿ ಹಲವರು ಪಾಳಿಯ ಮೇಲೆ ಮಲಗುತ್ತಿದ್ದುದಕ್ಕೆ ಬಡತನವನ್ನು ಕಾರಣವಾಗಿ ಹೇಳುವುದು ವಾಡಿಕೆ. ದೂರವೂ ಅಷ್ಟೇ ಮುಖ್ಯವಾದ ಕಾರಣ. ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯಿಂದ ಇದು ದೃಢವಾಗುತ್ತದೆ. ೧೯೨೦ರ ದಶಕದಲ್ಲಿ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ವರಳಿ, ನಾಯಗಾಂವ್, ಡಿಲೈಲ್ ರೋಡ್, ಸಿವಡಿಗಳಲ್ಲಿ ೨೦೭ ಚಾಳುಗಳನ್ನು ಕಟ್ಟಿಸಿತು. ಮನೆಯಿಲ್ಲದವರು ಸಾವಿರಾರು ಮಂದಿ ಇದ್ದರೂ ವರಳಿಯ ಚಾಳುಗಳಲ್ಲಿ ಬಾಡಿಗೆಯೂ ದೂರವೂ ಅಡ್ಡಬಂದು ಅನೇಕ ಕೋಣೆಗಳು ಬರಿದಾಗಿ ಉಳಿದವು. ಸತ್ಯಾಗ್ರಹದ ಕಾಲದಲ್ಲಿ ಕೆಲವನ್ನು ಸೆರೆಮನೆಯಾಗಿ ಬಳಸಿದರು. ಗೋಡೆ ಮಾಡುಗಳನ್ನು ಕಟ್ಟಿದರೆ ಪೇಟೆಯಾಗುವುದಿಲ್ಲ. ಕೆಲಸಕ್ಕೂ ಮನೆಗೂ ನಡುವಣ ದೂರವನ್ನು ಯಾರು ಹೇಗೆ ದಾಟಬೇಕೆಂಬುದು ಗೊತ್ತಾದಾಗ ಪೇಟೆಯಾಗುತ್ತದೆ.

ನಡಿಗೆಯೇ ಈ ಪ್ರದೇಶದ ಸಾಹಿತ್ಯಕ್ಕೂ ಹಿನ್ನೆಲೆ. ಮರಾಠಿಯ ಪ್ರಸಿದ್ಧ ಲೇಖಕ ಅಣ್ಣಾಭಾವು ಸಾಠೆಯವರು ಬಾಲಕರಾಗಿದ್ದಾಗ ತಮ್ಮ ಹುಟ್ಟೂರಾದ ವಾಟೇಗಾಂವದಿಂದ ಮುಂಬಯಿಗೆ ತಂದೆತಾಯಿಗಳೊಡನೆ ಕಾಲ್ನಡಿಗೆಯಲ್ಲಿ ಬಂದವರು. ಆಮೇಲೆ ಗಿರಣಿಯಲ್ಲಿ ದುಡಿದವರು. ದಖ್ಖಣದಿಂದ ಮುಂಬಯಿಗೆ ರೈಲು ಬಂದು ಅಷ್ಟರಲ್ಲಿ ಎಷ್ಟೋ ದಶಕಗಳು ಕಳೆದಿದ್ದವು. ರೈಲಿರುವುದು ಬೇರೆ, ರೈಲು ಎಟುಕುವುದು ಬೇರೆ.

ಗಿರಣಿಗಳ ಮುಷ್ಕರ ೧೯೮೨ರ ಜನವರಿ ೧೮ರಂದು ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಅದರಲ್ಲಿ ಸೇರಿದರು. ಅದರ ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಯ ನೆಲದಲ್ಲಿ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ ಎಂದು ೧೯೯೧ರ ನಿಯಮಗಳು ವಿಧಿಸಿದ್ದವು; ೨೦೦೧ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು; ೨೦೦೬ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಿರಣಿಗಳಿದ್ದ ಕಡೆ ಕಚೇರಿಗಳೂ ಮಾಲುಗಳೂ ಎದ್ದವು. ಇಲ್ಲಿ ಸಾರಿಗೆಯ ಸ್ಥಿತಿ ತಲೆಕೆಳಗಾಯಿತು. ಮೊದಲು ಕೆಲಸಗಾರ ಹತ್ತಿರದ ಚಾಳಿನಿಂದ ನಡೆದು ಬರುತ್ತಿದ್ದ. ಈಗ ಬಂದ ಹೊಸ ನೌಕರವರ್ಗ ದೂರದ ಉಪನಗರಗಳಿಂದ ರೈಲಿನಲ್ಲಿ ಬಂದು ಪರಳ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳಲ್ಲಿ ಇಳಿಯತೊಡಗಿತು. ಪೇಟೆ ಬದಲಾಯಿತು, ನಡೆಯುವವರು ಬದಲಾದರು. ಆ ಎರಡು ನಿಲ್ದಾಣಗಳನ್ನು ಕೂಡಿಸುವ ಕಾಲುಸೇತುವೆಯ ಇಕ್ಕಟ್ಟಾದ ಮೆಟ್ಟಿಲು ಮಾತ್ರ ಹಾಗೆಯೇ ಉಳಿಯಿತು. ೨೦೧೭ರ ಸೆಪ್ಟೆಂಬರ್ ೨೯ರ ಬೆಳಗ್ಗೆ, ಮಳೆಯಲ್ಲಿ, ಆ ಮೆಟ್ಟಿಲ ಮೇಲೆ ನಡೆದ ನೂಕುನುಗ್ಗಲಿನಲ್ಲಿ ೨೩ ಮಂದಿ ಸತ್ತರು. ಸೈನ್ಯದವರು ಕಟ್ಟಿದ ಹೊಸ ಸೇತುವೆ ೨೦೧೮ರ ಫೆಬ್ರವರಿಯಲ್ಲಿ ತೆರೆಯಿತು. ಅದೇ ವರ್ಷ ನಿಲ್ದಾಣಕ್ಕೆ ಪ್ರಭಾದೇವಿ ಎಂಬ ಹೊಸ ಹೆಸರು ಬಂತು.

ಮುಂಬಯಿಯ ಸಾರಿಗೆಯ ಚರಿತ್ರೆಯನ್ನು ಕಲಿಸುವ ನಡಿಗೆ ಆ ಮೆಟ್ಟಿಲಿನ ಹತ್ತಿರ ನಿಲ್ಲದೆ ಇರಬಾರದು. ಅಲ್ಲಿ ಕೆತ್ತನೆಯಿಲ್ಲ, ಗುಮ್ಮಟವಿಲ್ಲ. ಆದರೆ ನೂರೈವತ್ತು ವರ್ಷಗಳ ಕಥೆಯ ಅರ್ಥ ಅಲ್ಲಿ ಒಟ್ಟುಗೂಡಿದೆ: ಕೋಟ್ಯಂತರ ರೂಪಾಯಿ ನೆಲದ ಮೇಲೆ ಹರಿಯುತ್ತಿದ್ದಾಗಲೂ ನಡೆಯುವವನ ದಾರಿಯ ಅಗಲವನ್ನು ಯಾರೂ ಲೆಕ್ಕಹಾಕಿರಲಿಲ್ಲ.

೬

ಗಿರಣಗಾಂವದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವ ಮಾಟುಂಗಾ ಇದಕ್ಕೆ ಪ್ರತಿಯಾದ ಇನ್ನೊಂದು ಮಾದರಿ. ಕನ್ನಡಿಗರಿಗೆ ಅದು ಆತ್ಮೀಯವೂ ಹೌದು. ೧೮೯೬ರಲ್ಲಿ ಪ್ಲೇಗು ಮುಂಬಯಿಯನ್ನು ಹೊಕ್ಕಿತು. ಎರಡು ವರ್ಷಗಳ ಮೇಲೆ, ೧೮೯೮ರಲ್ಲಿ, ನಗರ ಸುಧಾರಣೆಗಾಗಿ ಇಂಪ್ರೂವ್‌ಮೆಂಟ್ ಟ್ರಸ್ಟು ಸ್ಥಾಪಿತವಾಯಿತು. ಅದು ಹಳೆಯ ಪೇಟೆಗಳನ್ನು ಸೀಳಿ ಅಗಲವಾದ ರಸ್ತೆಗಳನ್ನು ಮಾಡಿತು. ಉತ್ತರದಲ್ಲಿ ದಾದರ್, ಮಾಟುಂಗಾ, ವಡಾಲಾ, ಸಯಾನ್‌ಗಳ ಕಡೆ ಹೊಸ ಬಡಾವಣೆಗಳನ್ನು ರಚಿಸಿತು. ಪಾರಸಿ ಕಾಲನಿ, ಹಿಂದೂ ಕಾಲನಿ, ಐದು ಉದ್ಯಾನಗಳ ಸುತ್ತಲಿನ ಬೀದಿಗಳು ಇವು ಆ ಯೋಜನೆಯ ಫಲ. ೧೯೨೫ರ ಫೆಬ್ರವರಿ ೩ರಂದು ಬೋರಿ ಬಂದರಿನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಉಳಿದ ಉಪನಗರ ಮಾರ್ಗಗಳಿಗೂ ವಿದ್ಯುತ್ತು ಬಂತು. ತಿಂಗಳ ಸಂಬಳವಿರುವ ಗುಮಾಸ್ತ ತಿಂಗಳ ಪಾಸು ಕೊಂಡು ಕೋಟೆಯ ಕಚೇರಿಗೆ ಹೋಗಿಬರುವುದು ಸುಲಭವಾಯಿತು.

ಹೀಗಾಗಿ ಮಾಟುಂಗಾದ ಮೂರು ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಲ್ಲಿ ದಕ್ಷಿಣಭಾರತದ ಮಧ್ಯಮವರ್ಗ ಬಂದು ನೆಲಸಿತು. ನಿಖಿಲ್ ರಾವ್ ಅವರು ೨೦೧೩ರಲ್ಲಿ ಪ್ರಕಟಿಸಿದ ‘ಹೌಸ್, ಬಟ್ ನೋ ಗಾರ್ಡನ್’ ಎಂಬ ಗ್ರಂಥದಲ್ಲಿ ಈ ಉಪನಗರ ಜೀವನದ ಚರಿತ್ರೆಯನ್ನು ವಿಸ್ತಾರವಾಗಿ ಬರೆದಿದ್ದಾರೆ. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಮೊದಲಾದ ಸಂಸ್ಥೆಗಳು ಈ ಸುತ್ತಿನಲ್ಲಿಯೇ ನೆಲೆಯೂರಿದವು. ಮಾಟುಂಗಾ ರೈಲುನಿಲ್ದಾಣದ ಬಳಿ ೧೯೪೨ರಲ್ಲಿ ಎ. ರಾಮ ನಾಯಕರು ಉಡುಪಿಯ ಊಟದ ಮನೆಯನ್ನು ತೆರೆದುದು ನಿಲ್ದಾಣಕ್ಕೂ ಊಟಕ್ಕೂ ಇರುವ ಸಂಬಂಧವನ್ನು ಬಲ್ಲವರ ಕೆಲಸ. ಸಂಬಳದ ಕೆಲಸಕ್ಕಾಗಿ ಒಂಟಿಯಾಗಿ ಬಂದ ತರುಣ ರೈಲಿನಿಂದ ಇಳಿದು ಮನೆಗೆ ಹೋಗುವ ದಾರಿಯಲ್ಲಿ ಉಣ್ಣಬೇಕು.

ಆದರೆ ಮಾಟುಂಗಾದ ನಡಿಗೆಯನ್ನು ಕನ್ನಡಿಗರ ಹೆಮ್ಮೆಯ ನಡಿಗೆಯಾಗಿ ಮಾತ್ರ ಮಾಡಿಕೊಂಡರೆ ಅದೂ ಅರ್ಧಸತ್ಯವೇ. ಕೊಂಕಣ ರೈಲುಮಾರ್ಗ ೧೯೯೮ರಲ್ಲಿ ಪೂರ್ಣಗೊಳ್ಳುವ ಮೊದಲು ನಮ್ಮ ಕರಾವಳಿಯಿಂದ ಮುಂಬಯಿಗೆ ಹೋದವರು ಮೊದಮೊದಲು ಹಡಗಿನಲ್ಲಿ, ಅನಂತರ ಬಸ್ಸಿನಲ್ಲಿ ಹೋದವರು. ಅವರಲ್ಲಿ ಪಾಸು ಕೊಂಡು ಗುಮಾಸ್ತರಾದವರಿದ್ದಂತೆ ಕೋಟೆಯ ಹೋಟೆಲುಗಳಲ್ಲಿ ದುಡಿದು, ಅಲ್ಲಿಯೇ ಮಲಗಿ, ನಡೆದು ಹೋಗುವಷ್ಟು ಹತ್ತಿರದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರೂ ಇದ್ದರು. ಒಂದೇ ಭಾಷೆಯ ಜನರೊಳಗೂ ಪಾಸಿನವರು, ಕಾಲ್ನಡಿಗೆಯವರು ಎಂಬ ಭೇದವಿತ್ತು. ಪರಳ ಭೋಂಗಾದ ಪೇಟೆಯಾದರೆ ಮಾಟುಂಗಾ ಪಾಸಿನ ಪೇಟೆ. ಕೋಟೆಯ ಹೋಟೆಲಿನ ಅಟ್ಟ ಈ ಎರಡಕ್ಕೂ ಸೇರದ ಮೂರನೆಯ ಸ್ಥಳ. ಯಶವಂತ ಚಿತ್ತಾಲರ ‘ಶಿಕಾರಿ’ಯಿಂದ (೧೯೭೯) ಹಿಡಿದು ಜಯಂತ ಕಾಯ್ಕಿಣಿಯವರ ಕಥೆಗಳವರೆಗೆ ಮುಂಬಯಿಯನ್ನು ಕುರಿತ ಕನ್ನಡ ಸಾಹಿತ್ಯವನ್ನು ಪಾಠಹೇಳುವಾಗ ಪಾತ್ರಗಳು ಎಲ್ಲಿ ವಾಸಿಸುತ್ತವೆ, ಹೇಗೆ ಪ್ರಯಾಣ ಮಾಡುತ್ತವೆ ಎಂಬುದನ್ನು ವಿದ್ಯಾರ್ಥಿಗಳು ನಕ್ಷೆಯ ಮೇಲೆ ಗುರುತಿಸಿದರೆ, ಏಕಾಂಗಿತನ ಮೊದಲಾದ ಪದಗಳಿಗೆ ಅಧ್ಯಾಪಕರು ಕೊಡುವ ಅರ್ಥ ಹೆಚ್ಚು ಖಚಿತವಾದೀತು.

೭

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ದರ, ಕೂಲಿ, ದೂರ ಇವೆಲ್ಲ ಗ್ರಂಥಾಲಯದಲ್ಲಿ ತಿಳಿಯತಕ್ಕ ವಿಷಯಗಳು, ಬೀದಿಯಲ್ಲಿ ಕಾಣುವಂಥವಲ್ಲ, ಕಾಣುವುದನ್ನು ತೋರಿಸುವುದೇ ನಡಿಗೆಯ ಧರ್ಮ ಎಂಬುದು ಮೊದಲನೆಯದು. ಇದು ತಕ್ಕಮಟ್ಟಿಗೆ ನಿಜ. ಆದರೆ ದೂರವನ್ನು ಗ್ರಂಥ ಹೇಳಬಲ್ಲದು, ಅನುಭವಕ್ಕೆ ತರಲಾರದು. ಗಿರಣಿಯ ಬಾಗಿಲಿನಿಂದ ಚಾಳಿನ ಮೆಟ್ಟಿಲವರೆಗೆ ಮೇ ತಿಂಗಳ ಬಿಸಿಲಿನಲ್ಲಿ ನಡೆದ ವಿದ್ಯಾರ್ಥಿಗೆ ಹತ್ತು ಗಂಟೆ ನಿಂತು ದುಡಿದವನಿಗೆ ಆ ದಾರಿ ಎಷ್ಟು ಉದ್ದವೆಂಬುದು ಊಹೆಗಾದರೂ ಬರುತ್ತದೆ. ನಡಿಗೆಗೆ ಇರುವ ಈ ವಿಶೇಷ ಶಕ್ತಿಯನ್ನು ಬಳಸದೆ ಬರಿಯ ಕಣ್ಣನ್ನು ಬಳಸಿದರೆ, ಚಿತ್ರಪಟಗಳಿಂದ ಆಗುವ ಕೆಲಸವನ್ನೇ ಕಾಲಿನಿಂದ ಮಾಡಿಸಿದಂತಾಯಿತು.

ನಡಿಗೆ ಆನಂದಕ್ಕಾಗಿ ಇರುವುದು. ಅದರ ಮೇಲೆ ಸಮಾಜಶಾಸ್ತ್ರದ ಭಾರವನ್ನು ಹೊರಿಸಬಾರದು ಎಂಬುದು ಎರಡನೆಯ ಆಕ್ಷೇಪ. ಆನಂದವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಕಾವ್ಯವೂ ಆನಂದಕ್ಕಾಗಿಯೇ ಇರುವುದು. ಹಾಗೆಂದು ಅರ್ಥವನ್ನು ಬಿಟ್ಟು ನಾದವನ್ನು ಮಾತ್ರ ಕೇಳಿರೆಂದು ಯಾವ ಅಧ್ಯಾಪಕನೂ ಹೇಳುವುದಿಲ್ಲ. ಮೇಲಾಗಿ ಇಂದು ವಿನೋದಕ್ಕಾಗಿ ನಡೆಯುವವನು, ಹಿಂದೆ ಬೇರೆ ಗತಿಯಿಲ್ಲದೆ ನಡೆದವನ ದಾರಿಯನ್ನೇ ತುಳಿಯುತ್ತಿದ್ದಾನೆ. ಆ ಅರಿವು ಆನಂದವನ್ನು ಕೆಡಿಸುವುದಿಲ್ಲ. ಅದಕ್ಕೆ ಗಾಂಭೀರ್ಯವನ್ನು ಕೊಡುತ್ತದೆ.

ಕಾಲೇಜುಗಳಲ್ಲಿ ಇಂಥ ನಡಿಗೆಗಳನ್ನು ಏರ್ಪಡಿಸುವವರು ಪ್ರತಿಯೊಂದು ಪೇಟೆಯಲ್ಲಿಯೂ ನಾಲ್ಕು ಪ್ರಶ್ನೆಗಳನ್ನು ಕೇಳಿಸಬಹುದು. ಈ ಸ್ಥಳದ ಹೆಸರು ಯಾವ ದಾರಿಯ, ಯಾವ ದಾಟುವಿಕೆಯ ನೆನಪನ್ನು ಇಟ್ಟುಕೊಂಡಿದೆ? ಇಲ್ಲಿಂದ ಕೆಲಸದ ಸ್ಥಳಕ್ಕೆ ಹೋಗುವುದಕ್ಕೆ ಆಗ ಎಷ್ಟು ಹಣ, ಎಷ್ಟು ಹೊತ್ತು ಬೇಕಾಗಿತ್ತು? ಆ ಹಣವಿಲ್ಲದವರು ಎಲ್ಲಿ ಇದ್ದರು? ಇಂದು ಇಲ್ಲಿ ನಡೆಯುವವರಿಗೆ ದಾರಿಯ ಅಗಲವೆಷ್ಟು? ಈ ಪ್ರಶ್ನೆಗಳಿಗೆ ವಿಶೇಷ ಪಾಂಡಿತ್ಯ ಬೇಡ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿಯೂ ಇವನ್ನು ಕೇಳಬಹುದು.

೮

ಮುಂಬಯಿಯ ಸಾರಿಗೆಯ ಚರಿತ್ರೆ ಮುಗಿದ ಅಧ್ಯಾಯವಲ್ಲ. ರೈಲಿನಿಂದ ಇಳಿದವರನ್ನು ರಸ್ತೆಯ ಮೇಲಿನಿಂದ ಸಾಗಿಸಲು ೨೦೦೮ರಲ್ಲಿ ಬಾಂದ್ರಾದಿಂದ ಮೊದಲುಗೊಂಡು ಎತ್ತರದ ಕಾಲುಮಾರ್ಗಗಳನ್ನು ಕಟ್ಟಿದರು. ನೆಲದ ಮೇಲಿನ ದಾರಿ ಇದರಿಂದ ವಾಹನಗಳಿಗೆ ಇನ್ನಷ್ಟು ಬಿಟ್ಟುಕೊಟ್ಟಂತಾಯಿತು. ೨೦೧೪ರಲ್ಲಿ ವರ್ಸೋವಾ ಘಾಟ್ಕೋಪರಗಳ ನಡುವೆ ಮೊದಲ ಮೆಟ್ರೊ ಬಂತು. ಕಫ್ ಪರೇಡಿನಿಂದ ಆರೇಯವರೆಗೆ ೩೩.೫ ಕಿಲೊಮೀಟರುಗಳ ನ���ಲದಡಿಯ ಮಾರ್ಗ ೨೦೨೪ರ ಅಕ್ಟೋಬರಿನಲ್ಲಿ ಭಾಗಶಃ ತೆರೆದು, ೨೦೨೫ರ ಅಕ್ಟೋಬರಿನಲ್ಲಿ ಪೂರ್ಣವಾಯಿತು. ೧೮೭೪ರಲ್ಲಿ ಕುದುರೆಗಳು ಟ್ರಾಮನ್ನು ಎಳೆದ ಕಾಲಬಾದೇವಿಯಲ್ಲಿ ಈಗ ಒಂದು ಮೆಟ್ರೊ ನಿಲ್ದಾಣವಿದೆ. ನೂರೈವತ್ತು ವರ್ಷಗಳ ಮೇಲೆ ಅದೇ ಪೇಟೆಗೆ ಹೊಸ ಹಳಿ ಬಂದಿದೆ. ಹಳೆಯ ಪ್ರಶ್ನೆಯೂ ಅದರೊಂದಿಗೆ ಬಂದಿದೆ. ಅಲ್ಲಿ ತಲೆಯ ಮೇಲೆ ಹೊರೆ ಹೊತ್ತು ನಡೆಯುವ ಕೂಲಿಗೆ ಈ ದರ ಎಟುಕುತ್ತದೆಯೇ? ಅಂಗಡಿಯ ಮೇಲಿನ ಕೋಣೆಯಲ್ಲಿ ಮಲಗುವ ಹುಡುಗ ನೆಲದ ಬೆಲೆ ಏರಿದ ಮೇಲೆ ಎಲ್ಲಿಗೆ ಹೋಗುತ್ತಾನೆ?

ಕಟ್ಟಡಗಳನ್ನು ಉಳಿಸಿಕೊಳ್ಳಬೇಕೆಂಬ ಅರಿವನ್ನು ಪಾರಂಪರಿಕ ನಡಿಗೆಗಳು ನಮಗೆ ಕೊಟ್ಟಿವೆ; ಅದಕ್ಕಾಗಿ ಅವುಗಳಿಗೆ ನಾವು ಋಣಿಗಳು. ಅವುಗಳ ಮುಂದಿರುವ ಇನ್ನೊಂದು ಕೆಲಸವೆಂದರೆ, ಕಟ್ಟಡಗಳ ನಡುವೆ ಹಾದುಹೋದವರ ಲೆಕ್ಕವನ್ನು ಇಡುವುದು. ಅಂಥ ನಡಿಗೆಯಲ್ಲಿ ಕಲಿತ ವಿದ್ಯಾರ್ಥಿ ಮುಂದೆ ನಗರವನ್ನು ಆಳುವವನಾಗಲಿ, ಕಟ್ಟುವವನಾಗಲಿ, ಕುರಿತು ಬರೆಯುವವನಾಗಲಿ, ಸೇತುವೆಯ ನಕ್ಷೆಯೊಂದು ಎದುರಿಗೆ ಬಂದಾಗ ಮೆಟ್ಟಿಲಿನ ಅಗಲವನ್ನು ಮೊದಲು ನೋಡುತ್ತಾನೆ.